ಅತ್ತೆಯ ಹೊಲಕ್ಕೆ ಬೀಗ ಬಿದ್ದಾಗ

ನನ್ನ ವಯಸ್ಸಿನ ಹೆಂಗಸರು ಮುಚ್ಚಿಡುವ ಸಂಗತಿಗಳು ಸಾಮಾನ್ಯವಾಗಿ ಒಂದೆರಡೇ. ತಲೆಗೆ ಹಚ್ಚುವ ಬಣ್ಣ, ಬೀರುವಿನ ಹಿಂದಿನ ಸಾಲಿನಲ್ಲಿ ಅಡಗಿರುವ ಹೊಸ ಸೀರೆ, ಇಂಥವು. ನಾನು ಬಹಳ ಕಾಲ ಮುಚ್ಚಿಟ್ಟಿದ್ದು ಬೇರೆಯದೇ. ಕೊಡಿಗೇಹಳ್ಳಿಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವ, ನಲವತ್ತಾರು ದಾಟಿದ, ಸ್ಟಾಫ್ ರೂಮಿನಲ್ಲಿ ನಗದ ಟೀಚರ್ ಎಂದೇ ಹೆಸರಾದ ನಾನು ಕಂಪ್ಯೂಟರಿನಲ್ಲಿ ವಿಡಿಯೋ ಗೇಮ್ ಆಡುವವಳು. ಅದೂ ಲಿನಕ್ಸಿನಲ್ಲಿ. ಮೊದಲನೆಯ ಮಾತಿಗೆ ಜನ ನಗುತ್ತಾರೆ. ಎರಡನೆಯದನ್ನು ವಿವರಿಸಲು ಶುರುಮಾಡಿದರೆ ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಎದ್ದು ಹೋಗುತ್ತಾರೆ. ನೀವು ಹಾಗೆ ಹೋಗಲಾರಿರಿ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ, ಏಕೆಂದರೆ ಈ ಸಲ ನಾನು ಗೆದ್ದಿದ್ದೇನೆ. ಗೆದ್ದವರು ಸುಮ್ಮನಿರಬೇಕೆಂದು ನನಗೆ ಯಾರೂ ಕಲಿಸಿಲ್ಲ.

ಲಿನಕ್ಸ್ ನನ್ನ ಬಾಳಿಗೆ ಬಂದದ್ದು ಯಾವ ಸಿದ್ಧಾಂತದಿಂದಲೂ ಅಲ್ಲ, ನಮ್ಮವರ ಹಳೇ ಲ್ಯಾಪ್‌ಟಾಪಿನಿಂದ. ಅವರ ಆಫೀಸಿನವರು ಬೇಡವೆಂದು ಕೈಬಿಟ್ಟಿದ್ದ ಅದು ಹೊಸ ವಿಂಡೋಸನ್ನು ಹೊರಲಾರದೆ ಏದುಸಿರು ಬಿಡುತ್ತಿತ್ತು. ಶಾಲೆಯ ಕಂಪ್ಯೂಟರ್ ತರಬೇತಿಯಲ್ಲಿ ಕೊಟ್ಟಿದ್ದ ಲಿನಕ್ಸನ್ನು ಹಾಕಿ ನೋಡಿದೆ. ಎದ್ದು ಓಡಾಡಿತು. ಯಾರೊಬ್ಬರ ಸ್ವಂತದ್ದೂ ಅಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ಕಾಸು ಕೇಳದ ವ್ಯವಸ್ಥೆ ಅದು. ಒಂದೇ ತೊಂದರೆ ಎಂದರೆ ಆಟ ತಯಾರಿಸುವ ಕಂಪನಿಗಳು ನಮ್ಮನ್ನು ಜನವೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವರು ಆಟ ಬರೆಯುವುದು ವಿಂಡೋಸಿನ ಭಾಷೆಯಲ್ಲಿ. ನಾವು ನಡುವೆ ದುಭಾಷಿಯಂಥ ಒಂದು ತಂತ್ರಾಂಶವನ್ನು ಕೂರಿಸಿಕೊಳ್ಳಬೇಕು. ಆಟ ಒಂದು ಹೇಳಿದರೆ ಅದು ಲಿನಕ್ಸಿಗೆ ತಿಳಿಯುವಂತೆ ತಿರುಗಿಸಿ ಹೇಳುತ್ತದೆ. ಭಾನುವಾರ ಬೆಳಿಗ್ಗೆ ಅಕ್ಕಪಕ್ಕದವರು ಹೆಬ್ಬಾಳದ ಕೆರೆ ಕಡೆ ವಾಕಿಂಗ್ ಹೋಗುವ ಹೊತ್ತಿನಲ್ಲಿ ನಾನು ಯಾವ ದುಭಾಷಿ ಯಾವ ಆಟಕ್ಕೆ ಒಗ್ಗುತ್ತಾನೆ ಎಂದು ಹುಡುಕುತ್ತಿರುತ್ತೇನೆ. ಕೊನೆಗೆ ಪರದೆ ಬೆಳಗಿ ಆಟದ ಸಂಗೀತ ಕೇಳಿಸಿತೆಂದರೆ ಅವತ್ತು ನನಗೆ ಹಬ್ಬ.

ಇನ್ನು ನಮ್ಮ ಅತ್ತೆಯ ವಿಷಯ. ಅವರು ತಣಿಸಂದ್ರದವರು. ಈಗಿನ ತಣಿಸಂದ್ರವಲ್ಲ, ರಾಗಿ ಹೊಲಗಳಿದ್ದ ತಣಿಸಂದ್ರ. ಮನೆಯ ಎರಡು ಎಕರೆಯನ್ನು ಬಿಲ್ಡರಿಗೆ ಕೊಟ್ಟು, ಅಲ್ಲೇ ಎದ್ದ ಅಪಾರ್ಟ್‌ಮೆಂಟಿನಲ್ಲಿ ಪಾಲಿಗೆ ಬಂದ ಫ್ಲ್ಯಾಟುಗಳಲ್ಲಿ ಒಂದರಲ್ಲಿ ನಾವಿದ್ದೇವೆ, ಇನ್ನೊಂದರಲ್ಲಿ ನನ್ನ ಮೈದುನ ಮಂಜುನಾಥ. ಹೊಲ ಹೋಯಿತೆಂದು ಅತ್ತೆ ಕಣ್ಣೀರಿಟ್ಟವರಲ್ಲ. ಅವರಿಗೆ ಲಿಫ್ಟೆಂದರೆ ಬಲು ಇಷ್ಟ. ಆದರೆ ಕೈಗೆ ಕೆಲಸವಿಲ್ಲದೆ ಚಡಪಡಿಸುತ್ತಿದ್ದರು. ಬಾಲ್ಕನಿಯಲ್ಲಿ ಕುಂಡಗಳನ್ನಿಟ್ಟು ಇಟ್ಟು, ಬಟ್ಟೆ ಒಣಹಾಕಲು ಹೋದವರು ಬೆಂಡೆಗಿಡಕ್ಕೆ ದಾರಿಬಿಡುವ ಪರಿಸ್ಥಿತಿ ಬಂದಿತ್ತು. ಆಗಲೇ ನಾನು ಬೇಸಾಯದ ಆಟವೊಂದನ್ನು ಕೊಂಡದ್ದು. ಅದರ ಹೆಸರು ಹೇಳುವುದಿಲ್ಲ, ಈಗ ನಮಗೂ ಅದನ್ನು ಮಾಡಿದ ಕಂಪನಿಗೂ ರಾಜಿಯಾಗಿದೆ. ಮೂರು ಭಾನುವಾರ ಒದ್ದಾಡಿ ಅದನ್ನು ಓಡಿಸಿ, ಸಂಗೀತ ಸರಿಯಾಗಿ ಬರುತ್ತಿದೆಯೇ ಎಂದು ಕೇಳುತ್ತಿದ್ದೆ. ಅತ್ತೆ ಹಿಂದೆ ಬಂದು ನಿಂತರು.

"ಅಷ್ಟಗಲ ಒಲ ಅಂಗೇ ಬಿಟ್ಟು ಆಡು ಕೇಳ್ತಾ ಕುಂತಿದ್ದೀಯಲ್ಲ ಗಿರಿಜಾ. ಏಳು ಅತ್ಲಾಗೆ."

ಎದ್ದೆ. ಅವರಿಗೆಂದೇ ನನ್ನ ಹೊಲದ ಪಕ್ಕದಲ್ಲಿ ಇನ್ನೊಂದು ಹೊಲ ಮಾಡಿಕೊಟ್ಟೆ. ಅವತ್ತಿನಿಂದ ಬೆಳಗಿನ ಕಾಫಿ ಆದ ಮೇಲೆ ಲ್ಯಾಪ್‌ಟಾಪ್ ಅವರದು. ಇಂಗ್ಲಿಷ್ ಬಾರದು, ಆದರೆ ಮೋಡ ನೋಡಿದರೆ ಸಾಕು, ಯಾವಾಗ ಬಿತ್ತಬೇಕೆಂದು ಗೊತ್ತು. ಆಟದಲ್ಲಿ ರಾಗಿ ಇಲ್ಲ, ಬಾರ್ಲಿ ಇದೆ. ಅದನ್ನೇ ರಾಗಿಯೆಂದು ಅತ್ತೆ ತೀರ್ಮಾನಿಸಿದರು. ಬದುವಿನ ಮೇಲೆ ಯಾವುದೋ ಪರದೇಶದ ಮರ ಬೆಳೆಸಿ ಅದಕ್ಕೆ ಹೊಂಗೆ ಎಂದು ಹೆಸರಿಟ್ಟರು. ಮಂಡಿನೋವಿನ ಮಾತು ಕಡಿಮೆಯಾಯಿತು. ಊಟಕ್ಕೆ ಕುಳಿತರೆ ಬೆಳೆಯ ಸುದ್ದಿ. ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಇಷ್ಟು ಮಾತಾಡಿದ್ದೇ ಇಲ್ಲ, ನಿಜವಾಗಿಯೂ.

ಈ ಆಟದ ಕಂಪನಿಗಳ ವ್ಯಾಪಾರದ ಬುದ್ಧಿಯ ಬಗ್ಗೆ ನಾನು ಸ್ವಲ್ಪ ಹೇಳಲೇಬೇಕು, ಹೊಟ್ಟೆಯಲ್ಲಿಟ್ಟುಕೊಂಡರೆ ಜೀರ್ಣವಾಗುವುದಿಲ್ಲ. ಪೂರಾ ದುಡ್ಡು ಕೊಟ್ಟು ಆಟ ಕೊಂಡ ಮೇಲೆ ನೇಗಿಲು ಬೇರೆ, ಬೇಲಿ ಬೇರೆ ಎಂದು ಬಿಡಿಬಿಡಿಯಾಗಿ ಮಾರುತ್ತಾರೆ. ಇದನ್ನು ಅತ್ತೆಗೆ ತಿಳಿಸಿ ಹೇಳಿದಾಗ, "ಅಸು ಮಾರ್ದೋನು ಕೆಚ್ಚಲಿಗೆ ಬ್ಯಾರೆ ದುಡ್ಡು ಕೇಳ್ದಂಗಾಯ್ತು" ಎಂದರು. ಒಬ್ಬಂಟಿಯಾಗಿ ಆಡುವ ಆಟಕ್ಕೂ ಸದಾ ಇಂಟರ್‌ನೆಟ್ ಬೇಕೆನ್ನುತ್ತಾರೆ. ಮನಸ್ಸಿಗೆ ಬಂದ ದಿನ ಆಟ ನಡೆಸುವ ತಮ್ಮ ಕಡೆಯ ಸರ್ವರ್ ಆರಿಸಿ, ಕೊಂಡವರ ಆಟವನ್ನೇ ಇಲ್ಲವಾಗಿಸುತ್ತಾರೆ. ಇದರ ಮೇಲೆ ನಾನು ಸ್ಟಾಫ್ ರೂಮಿನಲ್ಲಿ ಒಮ್ಮೆ ಭಾಷಣ ಮಾಡಿದೆ. ನಮ್ಮ ವಿಜ್ಞಾನದ ಟೀಚರ್ ಪೂರ್ತಿ ಕೇಳಿ, "ಮೇಡಂ, ಉತ್ತರಪತ್ರಿಕೆ ತಿದ್ದಿ ಆಯ್ತಾ?" ಎಂದರು.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಅವಸರದಲ್ಲಿದ್ದೆ. ಅತ್ತೆ ಒಳಗಿನಿಂದ ಕೂಗಿದರು.

"ಗಿರಿಜಾ, ಒಲಕ್ಕೆ ಯಾವನೋ ಬೀಗ ಆಕವ್ನೆ!"

ಹೋಗಿ ನೋಡಿದೆ. ಪರದೆಯ ಮೇಲೆ ಒಂದೇ ಸಾಲು: ನಿಮ್ಮ ವ್ಯವಸ್ಥೆಯಲ್ಲಿ ಈ ಆಟ ಇನ್ನು ನಡೆಯುವುದಿಲ್ಲ. ವಿಚಾರಿಸಿದರೆ ಸಂಗತಿ ಇಷ್ಟು. ಕಂಪನಿ ಆಟದೊಳಗೆ ಹೊಸದಾಗಿ ಒಂದು ಸಂತೆ ತೆರೆದು, ಯಾರ ಬೆಳೆ ಹೆಚ್ಚೆಂದು ಸ್ಪರ್ಧೆ ಇಟ್ಟಿದೆ. ಸ್ಪರ್ಧೆಯಲ್ಲಿ ಕಳ್ಳಾಟ ನಡೆಯದಿರಲೆಂದು ಒಬ್ಬ ಕಾವಲುಗಾರನನ್ನು, ಅಂದರೆ ಇನ್ನೊಂದು ತಂತ್ರಾಂಶವನ್ನು ನೇಮಿಸಿದೆ. ಆ ಕಾವಲುಗಾರ ವಿಂಡೋಸಿನಲ್ಲಿ ಮಾತ್ರ ಕೆಲಸ ಮಾಡುವವನು, ಅದೂ ಕಂಪ್ಯೂಟರಿನ ಒಳಮನೆಯಲ್ಲೇ ಕೂರಬೇಕೆನ್ನುವವನು. ಗೇಟಿನಲ್ಲಿರಬೇಕಾದ ಸೆಕ್ಯೂರಿಟಿ ಬಂದು ಅಡುಗೆಮನೆಯಲ್ಲಿ ಕುಳಿತ ಹಾಗೆ. ಬದನೆಕಾಯಿ ಬೆಳೆಯುವುದರಲ್ಲಿ ಅದೆಂಥ ಕಳ್ಳಾಟವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅತ್ತೆ ಮಾತ್ರ ಒಂದೇ ಏಟಿಗೆ ವಿಷಯದ ಬುಡಕ್ಕೆ ಹೋದರು. "ನಾವು ಕ್ರಯಕ್ಕೆ ತಗಂಡಿದ್ದೋ, ಬೋಗ್ಯಕ್ಕೆ ತಗಂಡಿದ್ದೋ?"

"ಕ್ರಯಕ್ಕೇ ಅತ್ತೆ. ದುಡ್ಡು ಕೊಟ್ಟು ಕೊಂಡಿದ್ದು."

"ಮತ್ತೆ ಬೀಗದ ಕೈ ಅವ್ನ್ಯಾಕೆ ಮಡಿಕ್ಕೊಂಡವ್ನೆ? ನನ್ ರಾಗಿ ತೆನೆ ಕಟ್ಟೈತೆ. ಈ ವಾರ ಕುಯ್ಲು."

ಆ ಪ್ರಶ್ನೆಯನ್ನು ಇಡೀ ಉದ್ಯಮಕ್ಕೇ ಕೇಳಬೇಕಿತ್ತು. ಅವತ್ತು ಅತ್ತೆ ಮಧ್ಯಾಹ್ನದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟರಂತೆ. ಮರುದಿನ ಮಂಡಿ ಮತ್ತೆ ನೋಯತೊಡಗಿತು. ಬಾಲ್ಕನಿಯಲ್ಲಿ ಸುಮ್ಮನೆ ರಸ್ತೆ ನೋಡುತ್ತ ಕುಳಿತ ಅವರನ್ನು ಕಂಡು ನನಗೆ ಕೋಪ ಬಂತು.

ಸಂಜೆ ಮಂಜುನಾಥ ಬಂದ. ಅವನು ಸೈಟು ವ್ಯವಹಾರ ಮಾಡುವವನು, ಮನೆಯಲ್ಲಿ ದುಬಾರಿ ಗೇಮಿಂಗ್ ಪೆಟ್ಟಿಗೆ ಇಟ್ಟುಕೊಂಡು ಕಾರಿನ ರೇಸ್ ಆಡುವವನು. ಸೋಫಾದಲ್ಲಿ ಕಾಲುಚಾಚಿ ನಕ್ಕ. "ಅತ್ತಿಗೆ, ಸುಮ್ನೆ ಒಂದು ಹೊಸ ಲ್ಯಾಪ್‌ಟಾಪ್ ತಗೊಂಡ್ಬಿಡಿ. ಲಿನಕ್ಸ್ ಲಿನಕ್ಸ್ ಅಂತ ಎಷ್ಟ್ ದಿನ ಹಠ ಮಾಡ್ತೀರಾ? ನಿಮ್ಮಂಥೋರು ಎಷ್ಟ್ ಜನ ಇದ್ದೀರಾ ಹೇಳಿ? ಕಂಪನಿಯವ್ರು ಅದನ್ನ ನೋಡೇ ನೋಡ್ತಾರೆ. ಬಿಸಿನೆಸ್ ಡಿಸಿಷನ್ನು ಕಣ್ರೀ, ಏನೂ ಮಾಡಕ್ಕಾಗಲ್ಲ."

ಏನೂ ಮಾಡಕ್ಕಾಗಲ್ಲ ಎಂಬ ಮಾತು ಅತ್ತೆಯ ಕಿವಿಗೆ ಬಿತ್ತು. ಬಾಲ್ಕನಿಯಿಂದ ಎದ್ದು ಬಂದರು. ಈ ಮಾತನ್ನು ಒಪ್ಪುವವರಲ್ಲ ಅವರು. ಹಿಂದೆ ಅಪಾರ್ಟ್‌ಮೆಂಟ್ ಕಟ್ಟುವಾಗ ಬಿಲ್ಡರು ಊರವರು ಓಡಾಡುವ ದಾರಿಗೆ ಗೇಟು ಹಾಕಿಸಿದ್ದ. ಮಂಜುನಾಥ ವಕೀಲರ ನೋಟೀಸು ಕೊಡೋಣ ಎಂದಿದ್ದ. ಅತ್ತೆ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತೆಗೆದುಕೊಂಡು ಹೋಗಿ ಬಿಲ್ಡರ ಸೈಟ್ ಆಫೀಸಿನ ಬಾಗಿಲಿಗೆದುರಾಗಿ ಹಾಕಿಕೊಂಡು ಕುಳಿತರು. ಬೈಯಲಿಲ್ಲ, ಕೂಗಲಿಲ್ಲ. ಬಂದವರಿಗೆಲ್ಲ ಎಲೆಅಡಿಕೆ ಕೊಟ್ಟು, "ದಾರಿ ಬಿಡು ಅಂತ ಏಳಿವ್ನಿ, ಕುಂತಿವ್ನಿ" ಎನ್ನುತ್ತಿದ್ದರು. ಫ್ಲ್ಯಾಟು ನೋಡಲು ಬಂದ ಗಿರಾಕಿಗಳೂ ಅವರನ್ನೇ ಮೊದಲು ಮಾತಾಡಿಸುವಂತಾಯಿತು. ಒಂಬತ್ತನೆಯ ದಿನ ಗೇಟು ಕಿತ್ತರು.

"ಈ ಕಂಪನಿಯೋನ ಆಪೀಸು ಎಲ್ಲೈತೆ?" ಎಂದು ಅತ್ತೆ ಈಗ ನನ್ನನ್ನು ಕೇಳಿದರು.

"ಸಮುದ್ರದಾಚೆ ಅತ್ತೆ."

"ಬಾಗ್ಲು ಅನ್ನೋದು ಒಂದು ಇದ್ದೇ ಇರ್ತದೆ. ಅಲ್ಲೋಗಿ ಕುಂತ್ಕೋ."

ಬಾಗಿಲು ಇತ್ತು. ಆಟಗಾರರು ದೂರುದುಮ್ಮಾನ ಹೇಳಿಕೊಳ್ಳಲು ಕಂಪನಿಯೇ ಇಟ್ಟಿರುವ ಚರ್ಚಾತಾಣ. ಅಲ್ಲಿಗೆ ಹೋದರೆ ನಮ್ಮ ಲಿನಕ್ಸ್ ಬಳಗದವರು ಮೊದಲೇ ನೆರೆದು ಕೂಗಾಡುತ್ತಿದ್ದರು. ಮಾರುದ್ದದ ತರ್ಕಗಳು, ಬೈಗುಳಗಳು. ಯಾರೂ ಓದುತ್ತಿರಲಿಲ್ಲ. ನಾನು ಅತ್ತೆಯನ್ನು ಆ ಪ್ಲಾಸ್ಟಿಕ್ ಕುರ್ಚಿಯಲ್ಲೇ ಬಾಲ್ಕನಿಯಲ್ಲಿ ಕೂರಿಸಿ, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟು ಫೋಟೋ ತೆಗೆದೆ. ಕೆಳಗೆ ನನ್ನ ಶಾಲೆಯ ಇಂಗ್ಲಿಷಿನಲ್ಲಿ ಬರೆದೆ: ಇವರು ನಮ್ಮ ಅತ್ತೆ. ಬೆಳೆ ಕೊಯ್ಲಿಗೆ ಬಂದಿದೆ. ದಯವಿಟ್ಟು ಬಾಗಿಲು ತೆಗೆಯಿರಿ, ಕಾಯುತ್ತಿದ್ದಾರೆ. ಮರುದಿನ ಬೆಳಿಗ್ಗೆ ಇನ್ನೊಂದು ಫೋಟೋ, ಅದೇ ಸಾಲು. ಅದರ ಮರುದಿನವೂ ಅದೇ. ಸೀರೆ ಮಾತ್ರ ಬೇರೆ. ಅತ್ತೆ ಮೂರನೆಯ ದಿನದಿಂದ ಒಳ್ಳೆಯ ಸೀರೆ ಉಡತೊಡಗಿದರು.

ಮೊದಲ ವಾರ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಬ್ರೆಜಿಲಿನ ನರ್ಸೊಬ್ಬಳು ತನ್ನ ಅಪ್ಪನನ್ನು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿ ಫೋಟೋ ಹಾಕಿದಳು: ಇವರ ಕುಂಬಳಕಾಯಿ ಒಳಗಿದೆ, ಇವರೂ ಕಾಯುತ್ತಿದ್ದಾರೆ. ಪೋಲೆಂಡಿನ ನಿವೃತ್ತ ಅಂಚೆಯವನೊಬ್ಬ ತಾನೇ ಕುಳಿತ. ಇನ್ನೊಬ್ಬ ಬರಿಯ ಕುರ್ಚಿಯ ಮೇಲೆ ತನ್ನ ಬೆಕ್ಕನ್ನು ಕೂರಿಸಿದ. ಎರಡನೆಯ ವಾರ ಮುಗಿಯುವಷ್ಟರಲ್ಲಿ ಚರ್ಚಾತಾಣದ ತುಂಬ ಕುರ್ಚಿಗಳೇ ಕುರ್ಚಿಗಳು. ಯಾರೂ ಬೈಯುತ್ತಿಲ್ಲ, ಎಲ್ಲರೂ ಕುಳಿತಿದ್ದಾರೆ. ವಿಂಡೋಸಿನವರೂ ಬಂದು ಕೂರತೊಡಗಿದರು. ಆ ಕಾವಲುಗಾರ ಅವರ ಅಡುಗೆಮನೆಯಲ್ಲೂ ಇದ್ದನಲ್ಲ! ಹೊಸದಾಗಿ ಆಟ ಕೊಳ್ಳಲು ಬಂದವರು ಮೊದಲು ಕಾಣುತ್ತಿದ್ದುದು ಹಸಿರು ಜರಿ ಸೀರೆಯುಟ್ಟ ನಮ್ಮ ಅತ್ತೆಯನ್ನು. ಬಿಲ್ಡರಿಗೆ ಆದದ್ದೇ ಕಂಪನಿಗೂ ಆಯಿತು.

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಸ್ಕೂಟರಿನಲ್ಲಿ ಬರುತ್ತಿದ್ದೆ. ಹೆಬ್ಬಾಳದ ಬಳಿ ಎಂದಿನಂತೆ ಗಾಡಿಗಳು ನಿಂತಿದ್ದವು. ಫೋನ್ ತೆಗೆದು ನೋಡಿದರೆ ಕಂಪನಿಯ ಪ್ರಕಟಣೆ: ಇನ್ನು ಮುಂದೆ ಕಾವಲುಗಾರ ಸ್ಪರ್ಧೆಯ ಸಂತೆಗಷ್ಟೇ. ಅವರವರ ಹೊಲಕ್ಕೆ ಅವರವರು ಯಾವ ವ್ಯವಸ್ಥೆಯಿಂದ ಬೇಕಾದರೂ ಬರಬಹುದು, ಲಿನಕ್ಸಿನಿಂದಲೂ. ನಾನು ಹೆಲ್ಮೆಟ್ಟಿನೊಳಗಿಂದಲೇ ಕಿರುಚಿದೆ. ಪಕ್ಕದ ಆಟೋದವನು ಗಾಬರಿಯಾಗಿ ತಲೆ ಹೊರಹಾಕಿದ. "ಏನಾಯ್ತು ಮೇಡಂ?"

"ನಮ್ಮ ಅತ್ತೆ ಹೊಲ ವಾಪಸ್ ಬಂತಪ್ಪಾ!"

"ತಣಿಸಂದ್ರ ಕಡೇದಾ? ಕೋರ್ಟಲ್ಲಿ ಗೆದ್ರಾ?" ಎಂದು ಅವನು ಎರಡೂ ಕೈ ಮುಗಿದ. "ಪುಣ್ಯ ಮಾಡಿದ್ರಿ ಮೇಡಂ. ಈ ಕಾಲ್ದಲ್ಲಿ ಯಾರಿಗ್ ಸಿಗ್ತದೆ!"

ನಾನು ತಿದ್ದಲು ಹೋಗಲಿಲ್ಲ. ಆ ಗಳಿಗೆಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದ್ದರೂ ಅಷ್ಟು ಹಿಗ್ಗುತ್ತಿದ್ದೆನೋ ಇಲ್ಲವೋ. ಮನೆಗೆ ಹೋದವಳೇ ಅತ್ತೆಯನ್ನು ಕೂರಿಸಿ ಬಾಗಿಲು ತೆಗೆದೆ. ಬಾರ್ಲಿ ಬಂಗಾರದ ಬಣ್ಣಕ್ಕೆ ತಿರುಗಿ ನಿಂತಿತ್ತು. ಅತ್ತೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕೊಯ್ದರು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ಸಂಜೆ ಒಬ್ಬಟ್ಟು ಮಾಡಿದೆವು. ಬ್ರೆಜಿಲಿನವಳಿಗೆ ಅದರ ಫೋಟೋ ಕಳಿಸಿದೆವು.

ಒಬ್ಬಟ್ಟಿಗೆ ಮಂಜುನಾಥನೂ ಬಂದ, ಮುಖ ಮಾತ್ರ ಸಪ್ಪಗಿತ್ತು. ಅವನ ಕಾರಿನ ರೇಸಿನ ಕಂಪನಿ ಆ ವಾರವೇ ಸರ್ವರ್ ಆರಿಸಿ ಆಟವನ್ನೇ ಮುಚ್ಚಿತ್ತು. ನಾನು ತುಪ್ಪ ಬಡಿಸುತ್ತ, "ಬಿಸಿನೆಸ್ ಡಿಸಿಷನ್ನು ಕಣಪ್ಪಾ, ಏನೂ ಮಾಡಕ್ಕಾಗಲ್ಲ" ಎಂದೆ. ಇಷ್ಟು ಸಿಹಿಯಾದ ವಾಕ್ಯವನ್ನು ನಾನು ಜೀವನದಲ್ಲಿ ಆಡಿಲ್ಲ.

ಅವನು ಅತ್ತೆಯ ಕಡೆ ತಿರುಗಿ, "ಅಮ್ಮಾ, ನನ್ ಆಟಕ್ಕೂ ಹಂಗೇ ಒಂದ್ ಕುರ್ಚಿ ಹಾಕ್ಬಾರ್ದಾ?" ಎಂದ.

"ಕುರ್ಚಿ ತಗಂಡೋಗು. ಕುಂತ್ಕೊಳಕ್ಕೆ ತಾಳ್ಮೆ ಮಾತ್ರ ನೀನೇ ತರ್ಬೇಕು" ಎಂದರು ಅತ್ತೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಮುಂದಿನ ವಾರ ಕಂಪನಿಯಿಂದ ನನ್ನ ಹೆಸರಿಗೆ ಪತ್ರ ಬಂತು. ಆಟಗಾರರ ಸಲಹಾ ಮಂಡಳಿ ಮಾಡುತ್ತಿದ್ದೇವೆ, ನಿಮ್ಮಂಥ ಪಳಗಿದ ಆಟಗಾರ್ತಿ ಅದರಲ್ಲಿರಬೇಕು ಎಂದು. ಅದನ್ನು ನಾಲ್ಕು ಸಲ ಓದಿಕೊಂಡೆ, ನಮ್ಮವರಿಗೆ ಎರಡು ಸಲ ಓದಿಸಿದೆ. ಪತ್ರದ ಕೊನೆಯಲ್ಲಿ ಒಂದು ಸಣ್ಣ ಪ್ರಶ್ನೆಯಿತ್ತು: ಆಟದ ಎರಡನೆಯ ವರ್ಷದ ಚಳಿಗಾಲದ ಬೆಳೆ ನಿಮಗೆ ಹೇಗನ್ನಿಸಿತು? ಉತ್ತರ ಬರೆಯೋಣವೆಂದು ನನ್ನ ಸ್ವಂತ ಹೊಲವನ್ನು ತೆರೆದೆ. ಎದೆಯುದ್ದ ಕಳೆ. ನಡುವೆ ನನ್ನ ಗೊಂಬೆ, ಓಡಿಸಿದ ಮೊದಲ ದಿನ ಎಲ್ಲಿ ಬಿಟ್ಟಿದ್ದೆನೋ ಅಲ್ಲೇ ನಿಂತಿದೆ. ಅದರ ತಲೆಯ ಮೇಲೆ ಒಂದು ಫಲಕ: ಸುಸ್ವಾಗತ, ನಡೆಯಲು ಬಾಣದ ಗುರುತಿನ ಕೀಲಿ ಒತ್ತಿ.

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಇದ್ಯಾರ್ದವ್ವಾ ಈ ಬೀಳು ಭೂಮಿ?"

"ನಂದೇ ಅತ್ತೆ."

ಅವರು ಕಳೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನ್ನ ಭಾನುವಾರಗಳೆಲ್ಲ ಆಟ ಓಡಿಸುವುದರಲ್ಲೇ ಕಳೆದಿದ್ದವು, ಆಡಿದ್ದು ಒಂದು ದಿನವೂ ಇಲ್ಲ. ಕಂಪನಿಗೆ ಉತ್ತರವನ್ನು ಅವರೇ ಹೇಳಿದರು, ಚಳಿಗಾಲದ ಬೆಳೆಗೆ ನೀರು ಜಾಸ್ತಿ ಕುಡಿಸುತ್ತಿದ್ದೀರಿ ಎಂದು. ನಾನು ಟೈಪ್ ಮಾಡಿದೆ. ಸಲಹಾ ಮಂಡಳಿಯಲ್ಲಿ ಈಗ ಅತ್ತೆಯ ಹೆಸರಿದೆ. ಅವರ ಪ್ರತಿಯೊಂದು ಪತ್ರದ ತಳದಲ್ಲಿ, ಹಳೇ ಕ್ರಯಪತ್ರಗಳಲ್ಲಿ ಬೇರೆಯವರು ಹೇಳಿದ್ದನ್ನು ಬರೆದ ಗುಮಾಸ್ತನ ಹೆಸರು ಇರುತ್ತಿತ್ತಲ್ಲ, ಆ ಜಾಗದಲ್ಲಿ ಅವರ ಅಪ್ಪಣೆಯಂತೆ ನಾನು ಸಹಿ ಹಾಕುತ್ತೇನೆ: ಬಿಕ್ಕಲಂ, ಗಿರಿಜಾ.