ಊಟಿಯಿಂದ ಬಂದ ಪೊರಕೆ

ಚಿನ್ಮಯ್, ಸ್ಪಂದನಾ, ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಚಿಕ್ಕತಾತನಿಗೆ ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರೀತಿ ಇರುವುದು ಒಂದು ಪೊರಕೆಯ ಮೇಲೆ! ನಗಬೇಡಿ. ನಿಮ್ಮ ಅಜ್ಜಿ ಹಳ್ಳಿಯ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು, ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುವವಳು ನಿಜ. ಆದರೆ ಸುಳ್ಳು ಬರೆಯುವವಳಲ್ಲ. ನೀವು ಭಾನುವಾರ ರಾಜರಾಜೇಶ್ವರಿನಗರದಿಂದ ಬಂದು, ಹೋಳಿಗೆ ತಿಂದು, ಸಂಜೆಗೆ ಹೊರಟುಬಿಡುತ್ತೀರಿ. ಉಳಿದ ಆರು ದಿನ ಆ ಮಹಾನುಭಾವರ ಜೊತೆ ಏಗುವವಳು ನಾನು.

ನಿಮ್ಮ ತಾತನ ಈ ತಮ್ಮ ಮದುವೆಯಾಗಲಿಲ್ಲ. ಬಸವೇಶ್ವರನಗರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲೇ ಆಯಸ್ಸು ಕಳೆದರು. ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂವತ್ತೈದು ವರ್ಷ ಸೀಸೆ ತೊಳೆದು, ದ್ರಾವಣ ಕಲಸಿ ರಿಟೈರ್ ಆದರು. ರಿಟೈರ್ ಆಗಿದ್ದು ಕಾಲೇಜಿನಿಂದ ಮಾತ್ರ, ಲ್ಯಾಬಿನಿಂದ ಅಲ್ಲ! ಬೇರೆ ಗಂಡಸರು ಅಂಗಿಯ ಜೇಬಿನಲ್ಲಿ ಪೆನ್ನು ಇಡುತ್ತಾರೆ. ಇವರು ಲಿಟ್ಮಸ್ ಕಾಗದ ಇಡುತ್ತಾರೆ. ಹುಳಿ ಇರುವ ವಸ್ತುವಿಗೆ ಅದ್ದಿದರೆ ಕೆಂಪು, ಕ್ಷಾರ ಇದ್ದರೆ ನೀಲಿ. ನನಗೆ ಈ ವಿದ್ಯೆಯನ್ನು ಕಲಿಯುವ ಆಸೆ ಇರಲಿಲ್ಲ. ಕಲಿಸಿಯೇ ಬಿಟ್ಟರು.

ಎರಡು ವರ್ಷದ ಹಿಂದೆ ಹಳೆಯ ಸಹೋದ್ಯೋಗಿಗಳ ಜೊತೆ ಊಟಿಗೆ ಹೋಗಿದ್ದರು. ವಾಪಸ್ಸು ಬಂದಾಗ ಸ್ವೆಟರು, ಟವೆಲು, ಹಲ್ಲಿನ ಸೆಟ್ಟಿನ ಡಬ್ಬಿ ಎಲ್ಲ ಇದ್ದ ಚೀಲವನ್ನು ಬಸ್ಸಿನಲ್ಲೇ ಮರೆತು ಬಂದಿದ್ದರು. ತೊಡೆಯ ಮೇಲೆ ಇಟ್ಟುಕೊಂಡು ತಂದ ಕುಂಡ ಮಾತ್ರ ಭದ್ರವಾಗಿತ್ತು.

"ಅತ್ತಿಗೆ, ನೋಡಿ, ಇದು ಹೀತ್ ಅಂತ. ಚಳಿ ದೇಶದ ಗುಡ್ಡದ ಮೇಲೆ ಬೆಳೆಯೋದು," ಅಂದರು. ಹಲ್ಲಿಲ್ಲದ ಬಾಯಿಂದ ಅದು ಏನೇನೋ ಆಗಿ ಹೊರಬಂತು.

ನಾನು ನೋಡಿದೆ. ಮೊಳದುದ್ದದ ಸಣ್ಣ ಸಣ್ಣ ಕಡ್ಡಿಗಳು. ಎಲೆ ಅನ್ನುವಂಥದ್ದು ಸೂಜಿಯಷ್ಟು ಸಣ್ಣ. ತುದಿಯಲ್ಲಿ ಅಕ್ಕಿಕಾಳಿನ ಗಾತ್ರದ ನಾಲ್ಕಾರು ನಸುಗೆಂಪು ಗಂಟೆಗಳು. ಹೂವಂತೆ! ನಮ್ಮ ಊರಿನ ತುಂಬೆ ಗಿಡವೇ ಇದಕ್ಕಿಂತ ಧಾರಾಳವಾಗಿ ಹೂ ಬಿಡುತ್ತಿತ್ತು. ಆದರೂ ಅವರ ಮುಖ ನೋಡಿ "ಚೆನ್ನಾಗಿದೆ ಕಣಪ್ಪಾ" ಅಂದೆ. ಮಾರನೆಯ ದಿನ ಮನೆಗೆಲಸದ ಜಯಮ್ಮ ಮಹಡಿಯಿಂದಲೇ ಕೂಗಿದಳು: "ಅಕ್ಕಾ, ಈ ಪೊರಕೆಗೆ ಯಾಕೆ ಮಣ್ಣು ಮೆತ್ತಿದೀರಾ? ಕಿತ್ತು ತೊಳೆದಿಡ್ಲಾ?"

ನಿಮ್ಮ ಚಿಕ್ಕತಾತ ಅರ್ಧ ಬೋಳಿಸಿದ ಗಡ್ಡದಲ್ಲೇ ಮೆಟ್ಟಿಲು ಹತ್ತಿ ಓಡಿದರು. ಅಂದಿನಿಂದ ಜಯಮ್ಮನಿಗೆ ಮಹಡಿ ಗುಡಿಸುವ ಕೆಲಸದಿಂದ ಶಾಶ್ವತ ರಜೆ. ಆ ಕೆಲಸ ಯಾರಿಗೆ ಬಂತು ಅಂತ ಬೇರೆ ಹೇಳಬೇಕೇ?

ಆ ಪೊರಕೆರಾಯನ ಸೇವೆ ಎಷ್ಟು ಬಗೆಯದು ಅಂತೀರಿ! ಅದಕ್ಕೆ ಹುಳಿ ಮಣ್ಣೇ ಬೇಕು. ಸುಣ್ಣದ ಅಂಶ ಸೋಕಿದರೆ ಸತ್ತೇ ಹೋಗುತ್ತದಂತೆ. ಬೋರ್‌ವೆಲ್ ನೀರಿನಲ್ಲಿ ಸುಣ್ಣ ಇದೆ, ಕಾವೇರಿ ನೀರನ್ನೂ ಅವರು ನಂಬುವುದಿಲ್ಲ. ಮಳೆ ನೀರೇ ಆಗಬೇಕು. ನಾವು ಬೋರ್‌ವೆಲ್ ನೀರು ಕುಡಿದೇ ಮುದುಕರಾದೆವಲ್ಲ, ನಮಗೇನಾಯಿತು ಅಂದರೆ, "ನೀವು ಹೀತ್ ಅಲ್ಲವಲ್ಲ ಅತ್ತಿಗೆ" ಅನ್ನುತ್ತಾರೆ.

ಒಂದು ಸಂಜೆ ಗುಡುಗು ಶುರುವಾಯಿತು. ನಾನು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಡುಗೆಮನೆ ಖಾಲಿ! ಪಾತ್ರೆ, ಬೋಗುಣಿ, ಕುಕ್ಕರು, ದೇವರ ಮನೆಯ ಚೊಂಬು ಎಲ್ಲ ಮಹಡಿಯ ಮೇಲೆ ಬಾಯಿ ತೆರೆದು ಕುಳಿತಿದ್ದವು. ನಾನೂ ನೆನೆಯುತ್ತಾ ಹತ್ತಿ ನೋಡಿದರೆ ಕೊನೆಯ ಸಾಲಿನಲ್ಲಿ ಇಡ್ಲಿ ತಟ್ಟೆಗಳು!

"ಅಯ್ಯೋ, ಇಡ್ಲಿ ತಟ್ಟೇಲಿ ಎಷ್ಟು ನೀರು ನಿಲ್ಲತ್ತಯ್ಯಾ? ಅದರಲ್ಲಿ ತೂತಿದೆ!"

"ತೂತಿಗೆ ಮೇಣ ಮೆತ್ತಿದೀನಿ ಅತ್ತಿಗೆ."

ಆ ರಾತ್ರಿ ನಾವಿಬ್ಬರೂ ಊಟ ಮಾಡಿದ್ದು ಬೇಕರಿಯ ಬ್ರೆಡ್ಡು. ಮುಂದಿನ ಒಂದು ತಿಂಗಳು ಇಡ್ಲಿ ಬಾಯಿಗಿಟ್ಟರೆ ದೀಪಾವಳಿಯ ಮೇಣದಬತ್ತಿಯ ವಾಸನೆ.

ಬೇಸಿಗೆಯಲ್ಲಿ ಗಿಡಕ್ಕೆ ಬಿಸಿಲು ತಾಗಬಾರದು ಅಂತ ನನ್ನ ಕೊಡೆ ಹೋಯಿತು. ತರಕಾರಿ ಗಾಡಿ ಬಂದಾಗ ನಾನು ಗೇಟಿನ ಬಳಿ ತಲೆಗೆ ಸೆರಗು ಹೊದ್ದು ಸುಡುತ್ತಿದ್ದರೆ, ಮಹಡಿಯ ಮೇಲೆ ಪೊರಕೆ ನನ್ನ ಕರಿ ಕೊಡೆಯ ಕೆಳಗೆ ತಂಪಾಗಿ ಕುಳಿತಿರುತ್ತಿತ್ತು. ಕಾಫಿ ಚರಟ ಹಾಕಿದರೆ ಮಣ್ಣು ಹುಳಿಯಾಗುತ್ತದೆ ಅಂತ ಯಾರೋ ಹೇಳಿದರು. ನಮ್ಮ ಮನೆಯ ಫಿಲ್ಟರಿನ ಚರಟ ಸಾಲದೆ, ಕುರುಬರಹಳ್ಳಿಯ ಒಂದು ಹೋಟೆಲಿಗೇ ಹೋಗಿ, ಬಳಸಿ ಬಿಸಾಡುವ ಕಾಫಿಪುಡಿ ಕೊಡಿ ಅಂತ ಕೈಮುಗಿದು ನಿಂತರು. ಮಾಲೀಕರು ಇವರ ಬೋಳು ತಲೆ, ಬಣ್ಣ ಹೋದ ಅಂಗಿ ನೋಡಿದರು. "ಪಾಪ, ಬಿಸಾಡಿರೋ ಪುಡಿ ಯಾಕೆ ಯಜಮಾನ್ರೇ, ಕೂತ್ಕೊಳಿ" ಅಂತ ಒಂದು ಲೋಟ ಬಿಸಿ ಕಾಫಿ, ಒಂದು ಪ್ಲೇಟ್ ಉಪ್ಪಿಟ್ಟು ಕೊಟ್ಟು ಕಳಿಸಿದರು! ಇವರು ತಿಂದು ಬಂದರು. ಬೇಡ ಅನ್ನಬಾರದಿತ್ತೇ ಅಂದರೆ, "ಉಪ್ಪಿಟ್ಟು ಚೆನ್ನಾಗಿತ್ತು" ಅಂದರು.

ಲಿಟ್ಮಸ್ಸಿನ ಕಾಟವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ನಾನು ಮಾಡಿದ ಸಾರಿಗೆ ಕಾಗದ ಅದ್ದಿ, ಬೆಳಕಿಗೆ ಹಿಡಿದು, "ಸಾರು ಗಿಡಕ್ಕೆ ಒಗ್ಗತ್ತೆ ಅತ್ತಿಗೆ, ಉಪ್ಪೊಂದು ಇಲ್ದಿದ್ರೆ" ಅಂತ ಹೊಗಳುವ ಗಂಡಸಿನ ಜೊತೆ ಐವತ್ತು ವರ್ಷ ಒಂದೇ ಮನೆಯಲ್ಲಿ ಇದ್ದವಳು ನಾನು.

ಇನ್ನು ಮುಂದೆ ಬರೆಯುವುದನ್ನು ನಾನು ನಿಮ್ಮ ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿಮ್ಮ ಅಪ್ಪನಿಗೂ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಚಿಕ್ಕತಾತ ಒಂದು ಮದುವೆಗೆ ದಾವಣಗೆರೆಗೆ ಹೋಗಬೇಕಾಯಿತು. ಮೂರು ದಿನ. ಹೊರಡುವ ಮುಂಚೆ ಗಿಡವನ್ನು ನನಗೆ ಒಪ್ಪಿಸಿದರು, ಮಗಳನ್ನು ಗಂಡನ ಮನೆಗೆ ಒಪ್ಪಿಸುವ ಹಾಗೆ. ದಿನಕ್ಕೆ ಅರ್ಧ ಲೋಟ ಮಳೆ ನೀರು. ಅಷ್ಟೇ. "ಬೇರೆ ಏನೂ ಮಾಡ್ಬೇಡಿ ಅತ್ತಿಗೆ. ಏನೂ."

ಎರಡನೆಯ ದಿನ ನೋಡುತ್ತೇನೆ, ಕಡ್ಡಿಯ ಮೇಲೆ ಬಿಳಿ ಹುಳು! ಬಯ್ಯುತ್ತಿದ್ದೆ ನಿಜ, ಆದರೆ ನನ್ನ ಕಾವಲಿನಲ್ಲಿ ಅದಕ್ಕೆ ಏನಾದರೂ ಆಗಬಹುದೇ? ನಮ್ಮೂರಿನಲ್ಲಿ ಗಿಡಕ್ಕೆ ಹುಳ ಬಿದ್ದರೆ ನಮ್ಮವ್ವ ಒಲೆಯ ಬೂದಿ ಎರಚುತ್ತಿದ್ದಳು. ಅವರೆ, ಬದನೆ, ಕುಂಬಳ, ಎಲ್ಲಕ್ಕೂ ಅದೇ ಔಷಧಿ. ಈಗ ಬೆಂಗಳೂರಿನಲ್ಲಿ ಒಲೆ ಎಲ್ಲಿದೆ? ನಮ್ಮ ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಇಸ್ತ್ರಿ ಮಾಡುವ ಮುನಿಯಪ್ಪ ಇದ್ದಾನಲ್ಲ, ಅವನ ಇಸ್ತ್ರಿ ಪೆಟ್ಟಿಗೆಯ ಇದ್ದಿಲ ಬೂದಿ ತೆಗೆದುಕೊಂಡು ಬಂದು ಗಿಡಕ್ಕೆಲ್ಲ ಎರಚಿದೆ. ಒಳ್ಳೆಯದಾಗಲಿ ಅಂತ ಬುಡಕ್ಕೂ ಎರಡು ಹಿಡಿ ಹಾಕಿ ನೀರು ಹನಿಸಿದೆ. ಹುಳ ಸತ್ತವು. ನಮ್ಮವ್ವನನ್ನು ನೆನೆದು ಹೆಮ್ಮೆಪಟ್ಟೆ.

ಮೇಲಿನ ಪುಡಿ ಗಾಳಿಗೆ ಹಾರಿಹೋಯಿತು. ಬುಡದ್ದು ಮಣ್ಣಿನಲ್ಲಿ ಬೆರೆಯಿತು. ಚಿಕ್ಕತಾತ ಬಂದು ನೋಡಿ "ಚೆನ್ನಾಗಿ ನೋಡ್ಕೊಂಡಿದೀರಾ" ಅಂದರು. ಹತ್ತು ದಿನಕ್ಕೆ ತುದಿಗಳು ಹಳದಿಯಾದವು. ಇಪ್ಪತ್ತಕ್ಕೆ ಅರ್ಧ ಗಿಡ ಕಂದು. ಒಂದು ಬೆಳಿಗ್ಗೆ ಅವರು ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಒದ್ದೆ ಮಣ್ಣಿಗೆ ಕಾಗದ ಒತ್ತಿ ತೆಗೆದರು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಹಿಂದೆ ನಿಂತಿದ್ದೆ. ಆ ನೀಲಿಯನ್ನು ನಾನು ಮರೆಯಲಾರೆ.

ಬೂದಿ ಕ್ಷಾರ. ಅದು ನನಗೆ ಆ ಕ್ಷಣದಲ್ಲಿ ಹೊಳೆಯಿತು.

"ಏನಾಯ್ತೋ?" ಅಂದೆ.

"ನಾನೇ ಏನೋ ಎಡವಟ್ಟು ಮಾಡ್ದೆ ಅತ್ತಿಗೆ. ಹಾಕಿದ ಮಣ್ಣೇ ಸರಿ ಇರ್ಲಿಲ್ಲ ಅನ್ಸತ್ತೆ."

ಬಾಯಿ ತೆರೆದೆ. ಹಿಂಡಿದ್ದ ಬಟ್ಟೆಯನ್ನೇ ಮತ್ತೆ ಹಿಂಡಿದೆ. ಸಂಜೆ ಹೇಳೋಣ ಅಂದುಕೊಂಡೆ, ನಾಳೆ ಅಂದುಕೊಂಡೆ. ಅಷ್ಟರಲ್ಲಿ ಅವರು ಎಲ್ಲರಿಗೂ ಫೋನ್ ಮಾಡಿ ತಮ್ಮದೇ ತಪ್ಪು ಅಂತ ಡಂಗುರ ಹೊಡೆದಾಗಿತ್ತು. ಗಿಡ ಕಿತ್ತು, ಬೇರು ತೊಳೆದು, ಹೊಸ ಮಣ್ಣಿಗೆ ಇಟ್ಟರು. ಡ್ರಮ್ಮಿನಲ್ಲಿ ಕೂಡಿಟ್ಟಿದ್ದ ಮಳೆ ನೀರೆಲ್ಲ ಬೇರು ತೊಳೆಯುವುದರಲ್ಲೇ ಮುಗಿಯಿತು. ಒಂದೇ ಒಂದು ಕಡ್ಡಿಯಲ್ಲಿ ಹಸಿರು ಉಳಿದಿತ್ತು. ಮಾರ್ಚ್ ತಿಂಗಳು, ಆಕಾಶ ಕಾದ ಕಾವಲಿ. ನೀರು ಎಲ್ಲಿಂದ ತರುವುದು?

ಈಗ ನಾನು ಮಾಡಿದ್ದನ್ನು ಕೇಳಿದರೆ ನೀವು ನಂಬುವುದಿಲ್ಲ. ನಿಮ್ಮ ತಾತ ಹೋದ ನಾಲ್ಕು ವರ್ಷದಲ್ಲಿ ನಾನು ಒಬ್ಬಳೇ ಆ ಹೊಂಗೆ ಮರ ದಾಟಿ ಹೋಗಿರಲಿಲ್ಲ. ಅವರಿದ್ದಾಗಲೂ ಅವರ ಬೆನ್ನ ಹಿಂದೆಯೇ ನಡೆದವಳು. ಅಂಥವಳು ಒಂದು ಮಧ್ಯಾಹ್ನ, ಚಿಕ್ಕತಾತ ನಿದ್ದೆ ಹೋದ ಹೊತ್ತಿಗೆ, ಪ್ಲಾಸ್ಟಿಕ್ ಬಿಂದಿಗೆ ಹಿಡಿದು ಬೀದಿಗೆ ಇಳಿದೆ. ಈಗ ಹೊಸ ಮನೆಗಳಲ್ಲಿ ಮಳೆ ನೀರು ಹಿಡಿದಿಡುವ ತೊಟ್ಟಿ ಇರುತ್ತದಲ್ಲ, ಅದು ಗೊತ್ತಿತ್ತು.

ಮೊದಲ ಮನೆಯ ಬೆಲ್ ಒತ್ತಿ, ಬಾಗಿಲು ತೆರೆಯುವ ಮೊದಲೇ ಓಡಿಬಿಟ್ಟೆ! ಈ ವಯಸ್ಸಿನಲ್ಲಿ! ಎರಡನೆಯ ಮನೆಯ ಹುಡುಗಿ, "ಕಾವೇರಿ ನೀರೇ ಬರ್ತಿದ್ಯಲ್ಲಾ ಆಂಟಿ, ಮಳೆ ನೀರು ಯಾಕೆ? ಪೂಜೆಗಾ?" ಅಂದಳು. "ಪೊರಕೆಗೆ" ಅಂದುಬಿಟ್ಟೆ. ಅವಳು ಬಾಗಿಲು ಹಾಕಿಕೊಂಡಳು. ತಪ್ಪು ಅವಳದಲ್ಲ ಬಿಡಿ.

ಮೂರನೇ ಕ್ರಾಸಿನಲ್ಲಿ ಒಬ್ಬ ರಿಟೈರ್ಡ್ ಟೀಚರ್ ಸಿಕ್ಕರು. ಅವರ ಸಂಪಿನಲ್ಲಿ ಮಳೆ ನೀರಿತ್ತು. ತುಂಬಿ ಕೊಟ್ಟು, "ಇಷ್ಟು ದೂರ ಹೊತ್ಕೊಂಡು ಹೋಗ್ತೀರಾ? ಒಂದು ಲೋಟ ಮಜ್ಜಿಗೆ ಕುಡೀರಿ" ಅಂದರು. ಎರಡು ದಿನಕ್ಕೊಮ್ಮೆ ಹೋದೆ. ಮೊದಮೊದಲು ನೀರು, ಮಜ್ಜಿಗೆ. ಆಮೇಲೆ ಅವರ ಸೊಸೆಯ ವಿಷಯ. ಆಮೇಲೆ ನನ್ನ ಸೊಸೆಯ ವಿಷಯ. (ಸ್ಪಂದನಾ, ಇದನ್ನು ಅಮ್ಮನಿಗೆ ಹೇಳಬೇಡ.) ನೀರನ್ನು ಕದ್ದು ಡ್ರಮ್ಮಿಗೆ ಸುರಿಯುತ್ತಿದ್ದೆ. ಇವರು ಅದರಿಂದಲೇ ತೆಗೆದು ಹನಿಸುತ್ತಿದ್ದರು. ಖಾಲಿ ಡ್ರಮ್ಮಿನಲ್ಲಿ ನೀರು ಹೇಗೆ ಬಂತು ಅಂತ ಒಂದು ದಿನವೂ ಕೇಳಲಿಲ್ಲ. ಎಂಥ ವಿಜ್ಞಾನಿ!

ಏಪ್ರಿಲ್ ಕೊನೆಗೆ ಉಳಿದ ಕಡ್ಡಿಯಲ್ಲಿ ಚಿಗುರು ಕಾಣಿಸಿತು. ಚಿಕ್ಕತಾತ ಅದಕ್ಕೆ ಭೂತಗನ್ನಡಿ ಹಿಡಿದು ಮಗುವಿನ ಹಾಗೆ ನಗುತ್ತಿದ್ದರು. ಇನ್ನು ತಡೆಯಲಾಗಲಿಲ್ಲ.

"ಬೂದಿ ಹಾಕಿದ್ದು ನಾನು ಕಣೋ," ಅಂದೆ. "ನಿನ್ನ ತಪ್ಪಲ್ಲ. ಮುನಿಯಪ್ಪನ ಇಸ್ತ್ರಿ ಬೂದಿ. ಎರಡು ಹಿಡಿ."

ಅವರು ಭೂತಗನ್ನಡಿ ಇಳಿಸಲಿಲ್ಲ.

"ಗೊತ್ತು ಅತ್ತಿಗೆ. ಅವತ್ತೇ ಗೊತ್ತಾಯ್ತು. ಮಣ್ಣಲ್ಲಿ ಇದ್ದಿಲಿನ ಚೂರು ಇತ್ತು."

ಕೋಪ ನೆತ್ತಿಗೇರಿತು. "ಗೊತ್ತಿದ್ದೂ ಸುಮ್ನಿದ್ಯಾ? ಆರು ವಾರ ನಾನು ಬೀದಿ ಬೀದಿ ಬಿಂದಿಗೆ ಹೊತ್ತಿದೀನಿ! ನನ್ನ ಸೊಂಟ ಬಿದ್ದೋಗಿದೆ!"

"ಅದೂ ಗೊತ್ತು. ಕಿಟಕೀಲಿ ನೋಡ್ತಿದ್ದೆ." ಆಮೇಲೆ ಚಿಗುರಿನಿಂದ ಕಣ್ಣು ತೆಗೆಯದೆಯೇ, "ಮೊದಲ ದಿನ ಬೆಲ್ ಒತ್ತಿ ಓಡಿದ್ರಲ್ಲ, ನಾನೂ ಹಿಂದೇನೇ ಬರ್ತಿದ್ದೆ. ಬಿದ್ದುಬಿಟ್ರೆ ಅಂತ. ಅಣ್ಣ ಹೋದಾಗಿಂದ ನೀವು ಆಚೆ ಹೋಗಿದ್ದೇ ಇಲ್ಲ. ಬೂದಿ ವಿಷ್ಯ ಎತ್ತಿದ್ರೆ ಅತ್ತುಬಿಡ್ತೀರಾ, ಮತ್ತೆ ಒಳಗೇ ಕೂತ್ಬಿಡ್ತೀರಾ ಅನ್ನಿಸ್ತು. ಗಿಡ ಹೋದ್ರೆ ಹೋಗ್ಲಿ ಅಂದ್ಕೊಂಡೆ."

ಗಿಡ ಹೋದರೆ ಹೋಗಲಿ! ಇದನ್ನು ಹೇಳಿದ್ದು ಯಾರು ಅಂತ ಇನ್ನೊಮ್ಮೆ ಓದಿ. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಅವರು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, "ನೋಡಿ, ಇಲ್ಲಿ ಇನ್ನೊಂದು ಚಿಗುರು" ಅಂತ ತೋರಿಸಿದರು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. "ಹೌದು ಕಣೋ, ಇದೆ" ಅಂದೆ.

ಈಗ ಮಳೆ ಶುರುವಾಗಿದೆ. ಡ್ರಮ್ಮು ತುಂಬಿ ಹರಿಯುತ್ತಿದೆ. ಆದರೂ ನಿನ್ನೆ ಮೂರನೇ ಕ್ರಾಸಿಗೆ ಹೋಗಿ ಬಂದೆ, ಬರಿಗೈಯಲ್ಲಿ.

ಮಕ್ಕಳೇ, ಈ ಹಾಳೆಗಳನ್ನು ಜೋಪಾನ ಮಾಡಿ. ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಎಲ್ಲೋ ಎಸೆಯಬೇಡಿ. ಕಾಗುಣಿತ ತಪ್ಪಿದ್ದರೂ ತಿದ್ದಬೇಡಿ. ಚಿಕ್ಕತಾತನಿಗೆ ಎದುರಿಗೆ ನಿಂತು ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಅವರ ಮುಂದೆ ಓದಬೇಡಿ, ನನಗೆ ನಾಚಿಕೆ. ನಾನಿಲ್ಲದ ಕಾಲಕ್ಕೆ ಅವರು ಇನ್ನೂ ಇದ್ದರೆ, ಆಗ ಒಬ್ಬರು ಪಕ್ಕದಲ್ಲಿ ಕುಳಿತು ಓದಿ ಹೇಳಿ. ಕಿವಿ ಮಂದ. ಸ್ವಲ್ಪ ಗಟ್ಟಿಯಾಗಿ.