ಗೋಡೆಗೆ ಕಿವಿಗೊಟ್ಟು ಬಾಡಿಗೆ

ಮನೆ ಬಾಡಿಗೆಗೆ ಕೊಡುವವರೆಲ್ಲ "ನಮಗೆ ಒಳ್ಳೆಯ ಜನ ಬೇಕು" ಎನ್ನುತ್ತಾರೆ. ಶುದ್ಧ ಸುಳ್ಳು. ಒಳ್ಳೆಯವರನ್ನು ಕಟ್ಟಿಕೊಂಡು ಏನು ಮಾಡುವುದು? ಬೇಕಾಗಿರುವುದು ಸಪ್ಪಳ ಮಾಡದವರು. ನಾನು ಕಲಿತದ್ದು ನಾಲ್ಕನೇ ಇಯತ್ತೆ, ಅದರಲ್ಲೂ ಅರ್ಧ ವರ್ಷ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದೇ ಆಯಿತು. ಆದರೂ ಹಿರೇಕೆರೂರಿನಲ್ಲಿ ಇಷ್ಟು ವರ್ಷ ಬಾಡಿಗೆಯವರನ್ನು ಇಟ್ಟುಕೊಂಡು ಈ ಒಂದು ಮಾತನ್ನಂತೂ ಗಟ್ಟಿಯಾಗಿ ಕಲಿತಿದ್ದೇನೆ.

ನಮ್ಮ ಮನೆಗೆ ಅಂಟಿಕೊಂಡೇ ಎರಡು ಖೋಲಿಯ ಸಣ್ಣ ಮನೆಯಿದೆ. ನಡುವೆ ಒಂದೇ ಗೋಡೆ. ಅದರ ಆ ಕಡೆ ಬಾಡಿಗೆಯವರ ಅಡುಗೆಕಟ್ಟೆ, ಈ ಕಡೆ ನನ್ನ ಹಾಸಿಗೆ. ಹಿಂದೆ ಇದ್ದ ಕಂಡಕ್ಟರನ ಹೆಂಡತಿ ನಸುಕಿನಲ್ಲೆದ್ದು ರೊಟ್ಟಿ ಬಡಿಯಲು ನಿಂತರೆ ನನ್ನ ಗೋಡೆಯ ಮಾಡದಲ್ಲಿಟ್ಟ ತಾಟು, ವಾಟಗ ಎಲ್ಲ ಕುಣಿಯುತ್ತಿದ್ದವು. ಒಂದು ದಿನ ತಡೆಯಲಾರದೆ ಕೇಳಿದೆ: "ಗಂಡನ ಮ್ಯಾಲಿನ ಸಿಟ್ಟು ಹಿಟ್ಟಿನ ಮ್ಯಾಲೆ ಯಾಕ ತೀರಿಸ್ಕೋತಿ?"

"ಗಂಡಗ ಬಡಿಯಾಕ ಬರಾಂಗಿಲ್ಲಲ್ರಿ ಅವ್ವಾರ" ಅಂದಳು. ಮಾತು ಖರೆ.

ಅವರು ವರ್ಗವಾಗಿ ಹೋದ ಮೇಲೆ ನಾನೊಂದು ನೇಮ ಮಾಡಿದೆ. ಮನೆ ಕೇಳಲು ಬಂದವರು ಆ ಖಾಲಿ ಮನೆಯ ಕಟ್ಟೆಯ ಮೇಲೆ ಒಂದು ರೊಟ್ಟಿ ಬಡಿಯಬೇಕು. ಹಿಟ್ಟು ನಮ್ಮದೇ. ನಾನು ಈ ಕಡೆ ಹಾಸಿಗೆಯ ಮೇಲೆ ಅಡ್ಡಾಗಿ ಕಣ್ಣು ಮುಚ್ಚಿಕೊಂಡು ಕೇಳುತ್ತೇನೆ. ಹುಡುಗಿ ನೋಡಲು ಹೋದಾಗ ಹಾಡು ಹೇಳಿಸುತ್ತಿದ್ದರಲ್ಲ, ಹಾಗೆ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಅರ್ಧ ರೊಟ್ಟಿಗೇ ಅಳಲು ಶುರು ಮಾಡಿದಳು. ಫೋನಿನವರ ಕಥೆ ಬೇರೆ. ಎರಡನೇ ಮಾತಿಗೇ "ಫೋಟೋ ಕಳಸ್ರಿ" ಎನ್ನುತ್ತಾರೆ. "ಮನಿ ಏನ ಓಡಿ ಹೊಕ್ಕೈತೇನು? ಬಂದು ನೋಡ್ರಿ" ಎಂದು ಇಟ್ಟುಬಿಡುತ್ತೇನೆ. ಒಬ್ಬ ಬ್ಯಾಂಕಿನ ಹುಡುಗ ಬಂದು, "ನಾ ಒಬ್ಬನ ಇರಾಂವ್ರಿ, ಖಾನಾವಳ್ಯಾಗ ಉಣ್ತೇನಿ" ಅಂದ. ರೊಟ್ಟಿ ಬಡಿಯಲು ಬಾರದವನು ಪರೀಕ್ಷೆ ಹೇಗೆ ಕೊಟ್ಟಾನು ಎಂದು ಅವನನ್ನೂ ಕಳಿಸಿದೆ. ಸಪ್ಪಳವೇ ಮಾಡದ ಮನುಷ್ಯನನ್ನು ಕಳಿಸಿದೆ ಎಂದು ಹೊಳೆದದ್ದು ಅವನು ಓಣಿ ದಾಟಿದ ಮೇಲೆ. ಕೂಗಿ ಕರೆಯಲು ಮಾನ ಅಡ್ಡ ಬಂತು.

ಹೀಗೆ ನಾಲ್ಕು ತಿಂಗಳು ಮನೆ ಖಾಲಿ ಬಿತ್ತು. ಮಗ ವಿರೂಪಾಕ್ಷಿ ಊಟಕ್ಕೆ ಕೂತವನು ತಾಟಿನಿಂದ ತಲೆ ಎತ್ತದೆಯೇ ಹೇಳಿದ: "ಅವ್ವಾ, ಬರೋ ಅಮಾಸಿಗೆ ಯಾರೂ ಬರಲಿಲ್ಲಂದ್ರ ಗೊಬ್ಬರದ ಅಂಗಡ್ಯಾಂವಗ ಗೋದಾಮಿಗೆ ಕೊಡಾಂವ ನಾ."

ಗೋಡೆಯಾಚೆ ಗೊಬ್ಬರದ ವಾಸನೆ, ಇಲಿ, ಹೊತ್ತು ಗೊತ್ತಿಲ್ಲದೆ ಬರುವ ಲಾರಿ. ಹಮಾಲರು ಚೀಲ ಒಗೆಯುವ ಸಪ್ಪಳದ ಮುಂದೆ ಕಂಡಕ್ಟರನ ಹೆಂಡತಿಯ ರೊಟ್ಟಿ ಜೋಗುಳವೇ ಸರಿ.

ಅಮಾವಾಸ್ಯೆಗೆ ಐದು ದಿನ ಉಳಿದಿತ್ತು. ಜೋಳ ಬೀಸಲು ಗಿರಣಿಗೆ ಹೋಗಿ ಪಾಳಿಯಲ್ಲಿ ನಿಂತಿದ್ದೆ. ಬೀಸಲು ಏನೂ ತಾರದೆ ಬರಿಗೈಯಲ್ಲಿ ಮುಂದೆ ನಿಂತಿದ್ದ ಹುಡುಗಿ ಗಿರಣಿಯ ಚನ್ನಪ್ಪನನ್ನು ಕೇಳಿದಳು: "ಅಣ್ಣಾರ, ಹಿಂದಿನ ಓಣ್ಯಾಗ ಬಾಡಿಗಿ ಮನಿ ಐತಂತ. ಮಾಲಕರು ಹೆಂಗ್ರಿ?"

ಚನ್ನಪ್ಪ ನನ್ನ ಮುಖ ನೋಡಿದ. "ಮನಿ ಭಾಳ ಚಲೋ ಐತ್ರಿ" ಅಂದ.

"ನಾ ಕೇಳಿದ್ದು ಮಾಲಕರನ್ನ."

"ಗಾಳಿ, ಬೆಳಕು ಎಲ್ಲಾ ಐತ್ರಿ" ಎಂದು ಅವನು ಮೆಲ್ಲಗೆ ಗಿರಣಿ ಚಾಲೂ ಮಾಡಿಬಿಟ್ಟ. ಹುಡುಗಿ ಹಿಂದೆ ತಿರುಗಿ ನನ್ನ ಕಿವಿಯ ಹತ್ತಿರ ಬಂದು ಕೂಗಿದಳು: "ಅವ್ವಾರ, ನಿಮಗೇನರ ಗೊತ್ತೈತೇನ್ರಿ?"

"ಗೊತ್ತಿಲ್ಲದ ಏನು! ಬಾಯಿ ಜೋರು. ಬಂದೋರ ಕಡಿಂದ ರೊಟ್ಟಿ ಬಡಸ್ತಾಳ" ಎಂದು ನಾನೂ ಕೂಗಿದೆ. ಹೇಳುವುದನ್ನು ಹೇಳಿಯೇಬಿಡಬೇಕು, ಅದು ನನ್ನದೇ ವಿಷಯವಾದರೂ.

ಮರುದಿನ ಬಾಗಿಲಲ್ಲಿ ಅದೇ ಹುಡುಗಿ. ನನ್ನನ್ನು ಕಂಡು ಅವಳೇನೂ ಗಾಬರಿಯಾಗಲಿಲ್ಲ, ನಕ್ಕಳು. ಹೆಸರು ನಸೀಮಾ, ಸವಣೂರಿನವಳು, ಇಲ್ಲಿಯ ದವಾಖಾನೆಗೆ ನರ್ಸ್ ಆಗಿ ಬಂದಿದ್ದಾಳೆ. ನಾನು ಹಿಟ್ಟಿನ ಡಬ್ಬಿ ತಂದಿಟ್ಟೆ.

"ನಂಗ ರೊಟ್ಟಿ ಬರಾಂಗಿಲ್ರಿ ಅವ್ವಾರ. ನೀವ ಬಡೀರಿ, ನಾ ಆಚೆ ಮನ್ಯಾಗ ಮಲಗಿ ಕೇಳ್ತೇನಿ."

"ನಾ ಯಾಕ ಬಡೀಲಿ? ಮನಿ ನಂದು!"

"ರಾತ್ರಿ ಪಾಳಿ ಮುಗಿಸಿ ಹಗಲ ಮಲಗಾಕಿ ನಾ. ನಿಮ್ಮ ಅಡಗಿ ಮನೀನೂ ಈ ಗ್ವಾಡಿಗೇ ಐತಲ್ರಿ. ನಿಮ್ಮ ಸಪ್ಪಳ ನಂಗ ನಡೀಬೇಕೋ ಬ್ಯಾಡೋ?"

ಇಷ್ಟು ವರ್ಷ ಈ ಮಾತನ್ನು ಯಾರೂ ಕೇಳಿರಲಿಲ್ಲ. ಅಮಾವಾಸ್ಯೆ ನೆನಪಾಯಿತು, ಗೊಬ್ಬರದ ಚೀಲ ನೆನಪಾಯಿತು. ಸೆರಗು ಸಿಕ್ಕಿಸಿಕೊಂಡು ನಿಂತೆ. ಸೊಸೆ ಕೆಲಸ ಬಿಟ್ಟು ನೋಡಲು ಬಂದಳು, ಅವಳಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಎಷ್ಟು ಹಗುರ ಬಡಿದರೂ ಕೈ ಹಳೆಯ ರೂಢಿ ಬಿಡಲಿಲ್ಲ.

ಆಚೆ ಮನೆಯಲ್ಲಿ ಮಲಗಿ ಕೇಳುತ್ತಿದ್ದ ನಸೀಮಾ ಎದ್ದು ಬಂದಳು. "ಫೇಲ್ ಆದ್ರಿ ಅವ್ವಾರ. ಆಚೆ ಕಡೆ ಕಿಡಕಿ ನಡಗ್ತು."

"ಹಂಗಾರ ಮನಿ ಬ್ಯಾಡೇನು?" ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

"ಮನಿ ಬೇಕ್ರಿ. ನನ್ನ ರಾತ್ರಿ ಪಾಳಿ ಇದ್ದ ವಾರ ನೀವು ರೊಟ್ಟಿ ಬಡಿಯಾಂಗಿಲ್ಲ. ಮೂಲಿ ಮ್ಯಾಲಿನ ಖಾನಾವಳಿಯಿಂದ ತರಸ್ರಿ."

ಒಪ್ಪಿದೆ. ಈಗ ನನ್ನ ಅಡುಗೆಮನೆಯಲ್ಲಿ ಕ್ಯಾಲೆಂಡರು ತೂಗುತ್ತಿದೆ. ಅದರಲ್ಲಿ ಅವಳು ಕೆಂಪು ಗೆರೆ ಎಳೆದ ದಿನ ನಾವೆಲ್ಲ ಖಾನಾವಳಿಯ ರೊಟ್ಟಿ ತಿನ್ನುತ್ತೇವೆ. ತೆಳ್ಳಗಿರುತ್ತವೆ, ನನ್ನವಕ್ಕಿಂತ ಚೆನ್ನಾಗಿಯೇ ಇರುತ್ತವೆ. ಅದನ್ನು ನಾನು ಸೊಸೆಯ ಮುಂದೆ ಹೇಳಿಲ್ಲ.

ಮೊನ್ನೆ ಒಬ್ಬ ಮಾಸ್ತರ ಮನೆ ಕೇಳಿಕೊಂಡು ಬಂದ. ಕೆಂಪು ಗೆರೆಯ ದಿನ. ನಾನು ಅಂಗಳಕ್ಕೆ ಓಡಿ ಬಂದು, ತುಟಿಯ ಮೇಲೆ ಬೆರಳಿಟ್ಟು, "ಮನಿ ಖಾಲಿ ಇಲ್ಲ" ಎಂದು ಪಿಸುಗುಟ್ಟಿದೆ.

ಅವನೂ ದನಿ ಇಳಿಸಿದ. "ಯಾಕ್ರಿ ಅವ್ವಾರ, ಯಾರರ ಮಲಗ್ಯಾರೇನ್ರಿ?"

"ಹೂಂ."

"ಮಾಲಕರೇನ್ರಿ?"

ನಾನು ಒಮ್ಮೆ ಆ ಗೋಡೆಯ ಕಡೆ ನೋಡಿದೆ. "ಹೌದಪಾ" ಅಂದೆ.