ಡ್ರೈವರಿಲ್ಲದ ಕಾರುಗಳು

ಎಪ್ಪತ್ತರ ದಶಕದ ರಾಜಾಜಿನಗರದಲ್ಲಿ ಅತಿ ಹೆಚ್ಚು ಕಾರುಗಳಿದ್ದದ್ದು ನಮ್ಮ ಚಿಕ್ಕಪ್ಪನ ಹತ್ತಿರ. ನಂಬುವುದಿಲ್ಲವೇ? ಬೇಡ ಬಿಡಿ! ಅವೆಲ್ಲ ಒಂದು ಬೂಟಿನ ಡಬ್ಬದಲ್ಲಿ ಹಿಡಿಯುತ್ತಿದ್ದವು ಎಂಬುದೂ, ಚಿಕ್ಕಪ್ಪ ಕಾರ್ಖಾನೆಗೆ ಹೋಗುತ್ತಿದ್ದದ್ದು ದಾರಿಯುದ್ದಕ್ಕೂ ಚೈನು ಕಳಚುವ ಸೈಕಲ್ಲಿನಲ್ಲಿ ಎಂಬುದೂ ಬೇರೆ ಮಾತು.

ಹಳೇ ಸಾಮಾನಿನ ಅಂಗಡಿಯಲ್ಲಿ ಚಕ್ರ ಮುರಿದ ಆಟಿಕೆ ಕಾರು ಕಂಡರೆ ಸಾಕು, ಮನೆಗೆ ತಂದುಬಿಡುತ್ತಿದ್ದರು. ಲೋಹದ್ದಾದರೆ ಬಣ್ಣ ಕೆರೆದು, ಪ್ಲಾಸ್ಟಿಕ್ಕಿನದಾದರೆ ಕೊಯ್ದು ಅಂಟಿಸಿ, ಅದನ್ನು ನಮ್ಮ ರಸ್ತೆಯ ಕಾರಾಗಿ ಮಾಡಬೇಕು. ಸೈಕಲ್ ಟ್ಯೂಬಿನ ಟೈರು, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದದ ಬಂಪರು, ಹಿಂದಿನ ದೀಪಕ್ಕೆ ಚಿಕ್ಕಮ್ಮನ ನೈಲ್ ಪಾಲಿಶ್ಶು. ಫಾರಿನ್ ಕಾರುಗಳ ಸ್ಟೀರಿಂಗ್ ಎಡಕ್ಕಿರುತ್ತದಲ್ಲ, ಅದನ್ನು ಕಿತ್ತು ಬಲಕ್ಕೆ ಕೂರಿಸುವ ತನಕ ಅವರಿಗೆ ಊಟ ಸೇರುತ್ತಿರಲಿಲ್ಲ.

"ಯಾವ ಕಡೆ ಇದ್ರೇನ್ರೀ? ಯಾರ್ ಓಡಿಸ್ತಾರೆ ಅದನ್ನ?" ಎಂದು ಚಿಕ್ಕಮ್ಮ ರೇಗುತ್ತಿದ್ದರು.

"ಎಡಗಡೆ ಕೂತ್ಕೊಂಡು ಮಾಗಡಿ ರೋಡಲ್ಲಿ ಬಸ್ಸನ್ನ ಓವರ್‌ಟೇಕ್ ಮಾಡೋದು ಹೆಂಗೆ ಕಣೇ?"

ಇಂಥವರ ಜೊತೆ ಜಗಳವಾದರೂ ಹೇಗೆ ಆಡುವುದು ಹೇಳಿ!

ಕಾರಿನ ಗಾಜಿಗೆ ಅವರು ಬಳಸುತ್ತಿದ್ದದ್ದು ಬಿಸಿನೀರಿನಲ್ಲಿ ನೆನೆಸಿ, ಕಪ್ಪೆಲ್ಲ ಉಜ್ಜಿ ತೆಗೆದ ಎಕ್ಸ್-ರೇ ಹಾಳೆ. ಒಮ್ಮೆ ಅಜ್ಜಿ ಸೊಂಟ ನೋವೆಂದು ಡಾಕ್ಟರ ಬಳಿ ಹೋದರು. "ಹಳೇ ಎಕ್ಸ್-ರೇ ಎಲ್ಲಮ್ಮಾ?" ಎಂದರು ಡಾಕ್ಟರು. ಅಜ್ಜಿ ಮುಖ ಗಂಟಿಕ್ಕಿಕೊಂಡು, "ನನ್ನ ಸೊಂಟ ಈಗ ಅಂಬಾಸಿಡರ್ ಕಾರಿನ ಗಾಜಾಗಿದೆ ಡಾಕ್ಟ್ರೇ," ಎಂದರಂತೆ!

ಆಯುಧಪೂಜೆಯಂದಂತೂ ಚಿಕ್ಕಪ್ಪನನ್ನು ಹಿಡಿಯುವವರೇ ಇಲ್ಲ. ಬೆಂಕಿಕಡ್ಡಿಯ ತುದಿಯಿಂದ ಪ್ರತಿ ಬಾನೆಟ್ಟಿಗೂ ವಿಭೂತಿಯ ಮೂರು ಗೆರೆ. ಬೂದುಗುಂಬಳದ ಬದಲು ತೊಂಡೆಕಾಯಿ! ಚಕ್ರದಡಿ ನಿಂಬೆಹಣ್ಣಿನ ಬದಲು ಕಾಳುಮೆಣಸು! ನಾವು ಮಕ್ಕಳು ಬಿದ್ದು ಬಿದ್ದು ನಕ್ಕರೆ, "ಎಲ್ಲಾ ಅಳತೆಗೆ ತಕ್ಕ ಹಾಗಿರ್ಬೇಕು ಕಣ್ರೋ," ಎಂದು ಗದರುತ್ತಿದ್ದರು.

ಇಷ್ಟೆಲ್ಲ ಇದ್ದೂ ಯಾವ ಕಾರಿನಲ್ಲೂ ಡ್ರೈವರ್ ಗೊಂಬೆ ಇರಲಿಲ್ಲ. ಯಾಕೆಂದು ಕೇಳಿದರೆ ಒಂದೇ ಉತ್ತರ: "ಸರಿಯಾದ ಡ್ರೈವರ್ ಸಿಕ್ಕಿಲ್ಲ."

ಒಂದು ವರ್ಷ ದಸರೆಗೆ ಮುಂಚೆ, ಚಿಕ್ಕಮ್ಮ ವಿಜಯನಗರದಲ್ಲಿ ಹೆಂಗಸೊಬ್ಬರು ಕಾರು ಓಡಿಸುವುದನ್ನು ಕಣ್ಣಾರೆ ನೋಡಿ ಬಂದರು. ಕಾಫಿ ಲೋಟ ಕೆಳಗಿಟ್ಟು, "ನಾನೂ ಕಾರ್ ಕಲೀಬೇಕು," ಎಂದರು. ಮನೆಯೆಲ್ಲ ಗೊಳ್ಳೆಂದಿತು. "ಅಟ್ಟದ ಡಬ್ಬ ತೆಗಿಯೋಕೇ ಸ್ಟೂಲ್ ಬೇಕು ನಿಂಗೆ! ಬ್ರೇಕಿಗೆ ಕಾಲು ಎಟುಕುತ್ತೇನೇ?" ಎಂದರು ಅಜ್ಜಿ. ಚಿಕ್ಕಮ್ಮ ಗಿಡ್ಡ, ನಿಜ. ಆದರೆ ಅವರು ತಮಾಷೆಗೆ ಹೇಳಿರಲಿಲ್ಲ. ಗಂಡನ ಮುಖ ನೋಡಿದರು. ಚಿಕ್ಕಪ್ಪ ತಲೆ ಎತ್ತದೆ ಯಾವುದೋ ಕಾರಿನ ಬಾಗಿಲು ಉಜ್ಜುತ್ತ ಕೂತಿದ್ದರು.

ನಕ್ಕವರ ಮೇಲೆ ಚಿಕ್ಕಮ್ಮನಿಗೆ ಸಿಟ್ಟು ಬರಲಿಲ್ಲ, ಸುಮ್ಮನಿದ್ದವರ ಮೇಲೆ ಬಂತು. ಅಂದಿನಿಂದ ಮಾತು ಬಂದ್. ಮುದ್ದೆ ತಟ್ಟೆಗೆ ದೊಪ್ಪೆಂದು ಬೀಳುತ್ತಿತ್ತು. ನೈಲ್ ಪಾಲಿಶ್ ಬೀರುವಿನೊಳಗೆ ಸೇರಿ ಬೀಗ ಬಿತ್ತು. ನಮಗೆಲ್ಲ ಒಳಗೊಳಗೇ ಕಸಿವಿಸಿ.

ಆಯುಧಪೂಜೆಯ ದಿನ ಸಾಲಿನ ತುದಿಯಲ್ಲೊಂದು ಹೊಸ ಕಾರು ನಿಂತಿತ್ತು. ಸ್ಟೀರಿಂಗಿನ ಹಿಂದೆ ಮೇಣದ ಪುಟ್ಟ ಹೆಂಗಸು! ಮೈಮೇಲೆ ಚಿಕ್ಕಮ್ಮನ ಹಳೇ ಹಸಿರು ಸೀರೆಯ ಚೂರು, ತುರುಬಿಗೆ ಸುಣ್ಣದ ಚುಕ್ಕೆಗಳ ಮಲ್ಲಿಗೆ. ಪಕ್ಕದಲ್ಲಿ, ಎರಡೂ ಕೈಯಲ್ಲಿ ಸೀಟು ಬಿಗಿಯಾಗಿ ಹಿಡಿದ ಬೋಳುತಲೆಯ ಗಂಡಸು.

"ಡ್ರೈವರ್ ಸಿಕ್ಕಿದ್ರು ಕಣ್ರೋ," ಎಂದರು ಚಿಕ್ಕಪ್ಪ, ಬೋಳುತಲೆ ಸವರಿಕೊಳ್ಳುತ್ತ.

ಚಿಕ್ಕಮ್ಮ ಕಾರನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಕೊನೆಗೂ ಬಾಯಿ ಬಿಟ್ಟರು. "ಇದೇನ್ರೀ, ಇವಳ ಸೀಟು ಇಷ್ಟೊಂದು ಮುಂದಕ್ಕಿದೆ?"

"ಕಾಲು ಎಟುಕಬೇಕಲ್ಲ. ಕಾಮಾಕ್ಷಿಪಾಳ್ಯದ ಗ್ಯಾರೇಜಿನವರಿಗೆ ಹೇಳಿದೀನಿ, ಸೋಮವಾರದಿಂದ ಕಲಿಸ್ತಾರೆ. ಅಲ್ಲಿರೋ ಕಾರಿನ ಸೀಟೂ ಹಿಂಗೇ ಮುಂದಕ್ಕೆ ಸರಿಸಿ ಬಂದಿದೀನಿ. ಹೋಗ್ತೀಯಲ್ಲ?"

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕಾರನ್ನು ನೆಲಕ್ಕಿಟ್ಟರು, ಚಕ್ರದಡಿ ತಾವೇ ಕಾಳುಮೆಣಸಿಟ್ಟು, ಬೆರಳಿನಿಂದ ಒತ್ತಿ ಮುಂದಕ್ಕೆ ತಳ್ಳಿದರು. ಮೆಣಸು ಚಟ್ಟೆಂದು ಒಡೆಯಿತು.

"ನಿಧಾನ ಕಣೇ," ಎಂದರು ಚಿಕ್ಕಪ್ಪ, "ಪಕ್ಕದಲ್ಲಿ ನಾನಿದೀನಿ."